ಹೋದವರ ವಸ್ತು

ಹೋದವರ ಬಟ್ಟೆಬರೆ ಮನೆಯಲ್ಲಿಟ್ಟುಕೊಂಡರೆ ಜೀವ ಇಲ್ಲೇ ಸುತ್ತುತ್ತದೆ ಎನ್ನುತ್ತಿದ್ದ ಅಜ್ಜಿಯ ಕೈಯಲ್ಲಿ ಬೆಳೆದವಳು ನಾನು. ಫ್ಲಾರಿಡಾದ ಕೆನಡಿ ಬಾಹ್ಯಾಕಾಶ ಕೇಂದ್ರದಲ್ಲಿ 2015ರಲ್ಲಿ ತೆರೆದ ಸ್ಮಾರಕ ಇದಕ್ಕೆ ತದ್ವಿರುದ್ಧ. 1986ರಲ್ಲಿ ಏಳು ಮಂದಿಯೊಡನೆ ಛಿದ್ರವಾದ ಬಾಹ್ಯಾಕಾಶ ನೌಕೆ ಚಾಲೆಂಜರ್‌ನ ಪಕ್ಕೆಯ ಒಂದು ತುಂಡು ಅಲ್ಲಿದೆ, ಅದರ ಮೇಲೆ ಅಮೆರಿಕದ ಬಾವುಟ ಇನ್ನೂ ಕಾಣುತ್ತದೆ. ಪಕ್ಕದಲ್ಲಿ, 2003ರಲ್ಲಿ ಕಲ್ಪನಾ ಚಾವ್ಲಾ ಸೇರಿ ಏಳು ಮಂದಿಯನ್ನು ಕಳೆದುಕೊಂಡ ಕೊಲಂಬಿಯಾ ನೌಕೆಯ ಕಿಟಕಿ ಚೌಕಟ್ಟುಗಳು. ಅದರ ಕಮಾಂಡರ್ ರಿಕ್ ಹಸ್ಬೆಂಡ್ ಅವರ ಬೂಟು, ಬೈಬಲ್ಲೂ ಇವೆ.

ಚಾಲೆಂಜರ್‌ನ ಉಳಿದ ಅವಶೇಷಗಳನ್ನು ಹಿಂದೆ ಹಳೆಯ ಕ್ಷಿಪಣಿ ಬಾವಿಗಳಲ್ಲಿ ಮುಚ್ಚಿಟ್ಟಿದ್ದರು. ಜೀವಕ್ಕೆ ಬಿಡುಗಡೆ ಬೇಕೆಂಬ ಅಜ್ಜಿಯ ಮಾತನ್ನು ಒಪ್ಪುತ್ತೇನೆ. ಆದರೆ ಚಾಲೆಂಜರ್‌ನ ರಾಕೆಟ್ ಕೀಲುಗಳನ್ನು ಮುಚ್ಚುವ, ಚಳಿಗೆ ಪೆಡಸಾಗುವ ರಬ್ಬರ್ ಉಂಗುರ ಓ-ರಿಂಗ್ ಬಗ್ಗೆ ಎಂಜಿನಿಯರುಗಳು ಹಿಂದಿನ ರಾತ್ರಿಯೇ ಎಚ್ಚರಿಸಿದ್ದರೂ ಉಡಾವಣೆ ನಿಲ್ಲಲಿಲ್ಲ. ಆ ಕರ್ಮ ಬದುಕಿರುವವರದು. ಅದನ್ನು ಸಾವಿನ ಲೆಕ್ಕಕ್ಕೆ ಬರೆದು ಕೈತೊಳೆದುಕೊಳ್ಳದಂತೆ, ಆ ತುಂಡು ಎಲ್ಲರ ಕಣ್ಣೆದುರು ಇರುವುದೇ ಸರಿ.