ರಾಗಿಗೆ ಏನಾಗಿದೆ?

ನಮ್ಮನೆ ನಾಯಿ ಹೆಸರು ರಾಗಿ. ಬಣ್ಣ ನೋಡಿ ಇಟ್ಟಿದ್ದು. ನಾಲ್ಕು ವರ್ಷದ ಹಿಂದೆ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಲ್ಲಿ, ಯಾರದೋ ಕಾರಿನ ಕೆಳಗೆ ಸಿಕ್ಕ ಮರಿ. ಏಳು ತಿಂಗಳಿಂದ ಅವಳಿಗೆ ಏನೋ ಆಗಿದೆ. ‘ಏನೋ’ ಅನ್ನೋದನ್ನ ಉದಾಸೀನದಿಂದ ಹೇಳ್ತಿಲ್ಲ. ಮೂರು ಜನ ಡಾಕ್ಟರು, ಎರಡು ಲ್ಯಾಬು, ಒಂದು ದಪ್ಪ ಫೈಲು ಎಲ್ಲ ಸೇರಿ ಇಲ್ಲಿವರೆಗೆ ತಲುಪಿರೋ ತೀರ್ಮಾನವೇ ಅದು.

ಶುರುವಾಗಿದ್ದು ಜ್ವರದಿಂದ. ನಾಯಿಗಳ ಮೈ ನಮಗಿಂತ ಬಿಸಿ, 101ರಿಂದ 102.5 ಡಿಗ್ರಿವರೆಗೆ ಅವಕ್ಕೆ ನಾರ್ಮಲ್. ರಾಗಿಗೆ 104 ಇತ್ತು. ಊಟ ಬಿಟ್ಟಳು, ಸೋಫಾ ಹತ್ತೋದು ಬಿಟ್ಟಳು. ರಕ್ತ ಪರೀಕ್ಷೆ ಮಾಡಿಸಿದರೆ ಪ್ಲೇಟ್‌ಲೆಟ್ 40 ಸಾವಿರ. ಆರೋಗ್ಯವಾಗಿರೋ ನಾಯಿಗೆ ಎರಡು ಲಕ್ಷದ ಮೇಲಿರಬೇಕು. ಬೆಂಗಳೂರಲ್ಲಿ ನಾಯಿ ಸಾಕಿದವರಿಗೆ ಇಂಥ ರಿಪೋರ್ಟ್ ಕೈಗೆ ಬಂದ ತಕ್ಷಣ ಬಾಯಿಗೆ ಬರೋದು ಒಂದೇ ಪದ, ಟಿಕ್ ಫೀವರ್. ಉಣ್ಣೆ ಕಚ್ಚಿದಾಗ ಮೈ ಸೇರುವ ಎರ್ಲಿಕಿಯಾ ಅನ್ನೋ ಬ್ಯಾಕ್ಟೀರಿಯಾ ರಕ್ತದ ಬಿಳಿ ಕಣಗಳ ಒಳಗೇ ಹೋಗಿ ಮನೆ ಮಾಡಿಕೊಳ್ಳುತ್ತೆ. ಇದಕ್ಕೆ 28 ದಿನ ಡಾಕ್ಸಿಸೈಕ್ಲಿನ್. ಮೊಸರಲ್ಲಿ ಮಾತ್ರ ಕೊಡಬೇಡಿ, ಅದರಲ್ಲಿರೋ ಕ್ಯಾಲ್ಸಿಯಂ ಮಾತ್ರೆಯನ್ನ ಮೈಗೆ ಹತ್ತೋಕೆ ಬಿಡಲ್ಲ ಅಂದ್ರು. ಹಾಗಾಗಿ ದಿನಾ ಇಡ್ಲಿ. ಜ್ವರ ಬಿಡ್ತು, ಪ್ಲೇಟ್‌ಲೆಟ್ ಏರ್ತು, ಸೋಫಾ ಮತ್ತೆ ಅವಳದಾಯ್ತು. ಕೋರ್ಸ್ ಮುಗಿದು ಮೂರು ವಾರ ಆಗಿರಲಿಲ್ಲ, ಮತ್ತೆ 104.

ಅಲ್ಲಿಂದ ಮುಂದೆ ಎಲ್ಲವೂ ಊಹೆ. ರಕ್ತವನ್ನ ಸ್ಲೈಡಿನ ಮೇಲೆ ಸವರಿ ನೋಡಿದರು, ಏನೂ ಕಾಣಲಿಲ್ಲ. ಪಿಸಿಆರ್ ಮಾಡಿಸಿದೆವು, ನೆಗೆಟಿವ್. ಆದರೆ ನೆಗೆಟಿವ್ ಅಂದ್ರೆ ಇಲ್ಲ ಅಂತಲ್ಲವಂತೆ. ರಕ್ತದಲ್ಲಿ ಸಿಗದೆ ಮೂಳೆಯ ಮಜ್ಜೆಯಲ್ಲಿ, ಗುಲ್ಮದಲ್ಲಿ ಅಡಗಿ ಕೂತಿರಬಹುದು. ಅಥವಾ ಸೋಂಕೇ ಇಲ್ಲದೆ, ಅವಳ ಮೈ ತನ್ನದೇ ಪ್ಲೇಟ್‌ಲೆಟ್‌ಗಳನ್ನ ಶತ್ರು ಅಂದ್ಕೊಂಡು ಕೊಲ್ಲುತ್ತಿರಬಹುದು. ಅದಕ್ಕೆ ಸ್ಟೆರಾಯ್ಡ್ ಕೊಟ್ಟು ರೋಗನಿರೋಧಕ ಶಕ್ತಿಯನ್ನೇ ಬಗ್ಗಿಸಬೇಕು. ಒಳಗೆ ಸೋಂಕು ನಿಜವಾಗ್ಲೂ ಅಡಗಿದ್ದರೆ? ಬಾಗಿಲು ತೆಗೆದು ಒಳಗೆ ಬಾ ಅಂದ ಹಾಗೆ. ಇಷ್ಟನ್ನೂ ಡಾಕ್ಟರು ಪ್ರಾಮಾಣಿಕವಾಗೇ ವಿವರಿಸಿ, ಕೊನೆಗೆ “ನೀವೇ ಡಿಸೈಡ್ ಮಾಡಿ” ಅಂದ್ರು.

ನಾನು ಸಾಫ್ಟ್‌ವೇರ್ ಟೆಸ್ಟಿಂಗಲ್ಲಿದ್ದೀನಿ. ಬಗ್ ಇದ್ದರೆ ಕಾರಣ ಇರಲೇಬೇಕು, ಹುಡುಕಿದರೆ ಸಿಗಲೇಬೇಕು ಅನ್ನೋದು ನನ್ನ ಹೊಟ್ಟೆಪಾಡು. ಹಾಗಾಗಿ ಮೊದಮೊದಲು ಎಲ್ಲ ಪರೀಕ್ಷೆಗೂ ಹೂಂ ಅಂದೆ. ಸಂಶಯ ಬಂದಿದ್ದು ಐದನೆಯದೋ ಆರನೆಯದೋ ಸಲ ರಕ್ತ ತೆಗೆಯುವಾಗ. ನಾನು ಟೇಬಲ್ಲಿನ ಮೇಲೆ ಕೂರಿಸಿದ್ದೇ, ರಾಗಿ ತಾನೇ ಮುಂಗಾಲು ಚಾಚಿಬಿಟ್ಟಳು. “ಎಂಥಾ ಒಳ್ಳೆ ಹುಡುಗಿ!” ಅಂದ ಟೆಕ್ನಿಷಿಯನ್. ನನಗೆ ಗಂಟಲು ಕಟ್ಟಿತು. ನನ್ನ ಕೈಗೆ ಸೂಜಿ ಚುಚ್ಚಿದರೆ ಅದು ಯಾಕೆ ಅಂತ ನನಗೆ ಗೊತ್ತು. ಆ ‘ಯಾಕೆ’ ಅರ್ಧ ನೋವನ್ನ ತಾನು ಹೊತ್ಕೊಳ್ಳುತ್ತೆ. ಅವಳಿಗೆ ಸೂಜಿ ಬರೀ ಸೂಜಿ. ಹಿಡ್ಕೊಂಡಿರೋದು ನಾನು ಅನ್ನೋದೊಂದೇ ಅವಳ ಹತ್ತಿರ ಇರೋ ಸಮಾಧಾನ, ಮತ್ತು ನಾನು ಅದನ್ನ ಪ್ರತಿ ವಾರ ಖರ್ಚು ಮಾಡ್ತಿದ್ದೆ. ಹೆಸರು ಗೊತ್ತಾಗಬೇಕಿದ್ದಿದ್ದು ಅವಳಿಗಾ, ನನಗಾ?

ಜೆರೆಮಿ ಬೆಂಥಮ್ 1789ರಲ್ಲಿ ಪ್ರಕಟವಾದ ತನ್ನ ಪುಸ್ತಕದ ಒಂದು ಅಡಿಟಿಪ್ಪಣಿಯಲ್ಲಿ, ಪ್ರಾಣಿಗಳ ವಿಷಯದಲ್ಲಿ ಕೇಳಬೇಕಾದ್ದು ಅವಕ್ಕೆ ಬುದ್ಧಿ ಇದೆಯಾ, ಮಾತು ಬರುತ್ತಾ ಅಂತಲ್ಲ, ನೋವಾಗುತ್ತಾ ಅಂತ ಎಂದು ವಾದಿಸಿದ್ದ. ಪ್ರಾಣಿದಯೆಯ ಬಗ್ಗೆ ಬರೆಯೋರೆಲ್ಲ ಇದನ್ನ ಎತ್ತಿ ಹೇಳ್ತಾರೆ, ನಾನೂ ಒಪ್ತೀನಿ. ಆದರೆ ಕಾಯಿಲೆ ನಾಯಿ ಜೊತೆ ಬದುಕೋರಿಗೆ ಅದು ಅರ್ಧ ಪ್ರಶ್ನೆ. ನೋವಾಗುತ್ತೆ, ಸರಿ. ಈಗ ಆಗ್ತಿದೆಯಾ? ಎಷ್ಟು? ನಾಯಿಗಳು ನೋವು ಬಚ್ಚಿಡೋದರಲ್ಲಿ ನಿಸ್ಸೀಮರು. ಮಾತು ಮುಖ್ಯ ಅಲ್ಲ ಅಂತ ಬೆಂಥಮ್ ಸುಲಭವಾಗಿ ಹೇಳಿಬಿಟ್ಟ. ರಾತ್ರಿ ಎರಡು ಗಂಟೆಗೆ ಅವಳ ಉಸಿರು ಎಣಿಸ್ತಾ ಕೂತಾಗ ಒಂದೇ ಒಂದು ಮಾತು ಬಂದಿದ್ದರೆ ಅನ್ಸುತ್ತೆ.

ಅಮ್ಮ ಊರಿಂದ ಫೋನ್ ಮಾಡಿ “ನಾಯಿಗೂ ಸ್ಕ್ಯಾನಾ ಕಣೇ?” ಅಂತ ನಕ್ಕಿದ್ದಳು. ನಮ್ಮೂರ ಮನೆಯ ನಾಯಿಗಳು ಹುಷಾರಿಲ್ಲದಿದ್ದರೆ ಹಿತ್ತಲ ಮೂಲೆಯಲ್ಲಿ ಮಲಗ್ತಿದ್ದವು. ಎದುರಿಗೆ ಮಜ್ಜಿಗೆ ಅನ್ನ. ಎದ್ದರೆ ಎದ್ದವು, ಇಲ್ಲಾಂದ್ರೆ ಇಲ್ಲ. ಅದು ಕ್ರೌರ್ಯ ಅಂತ ನಾನು ತುಂಬಾ ದಿನ ಅಂದ್ಕೊಂಡಿದ್ದೆ. ಈಗ ಪೂರ್ತಿ ಹಾಗೆ ಹೇಳೋಕೆ ಬಾಯಿ ಬರಲ್ಲ. ಪೂರ್ತಿ ಸರಿ ಅನ್ನೋಕೂ ಬರಲ್ಲ.

ಇನ್ನೊಂದು ವಿಷಯ ಇದೆ, ಬರೆಯೋದು ಬೇಡ ಅಂದ್ಕೊಂಡೇ ಇಲ್ಲಿವರೆಗೆ ಬಂದೆ. ನಮ್ಮನೆ ಕೆಲಸಕ್ಕೆ ಬರುವ ಅಕ್ಕ ಆ ದಿನಗಳಲ್ಲೇ ಮೂರು ಸಾವಿರ ಅಡ್ವಾನ್ಸ್ ಕೇಳಿದ್ದರು. ಅವರಮ್ಮನ ಕಣ್ಣಿಗೆ ಪೊರೆ ಬಂದಿತ್ತು. ಕಾರ್ಡ್ ಬಿಲ್ ನೆನಪಾಗಿ “ಮುಂದಿನ ತಿಂಗಳು ನೋಡೋಣ ಅಕ್ಕ” ಅಂದೆ. ಅವತ್ತೇ ಸಂಜೆ ರಾಗಿಯ ಸ್ಕ್ಯಾನಿಗೆ ನಾಲ್ಕೂವರೆ ಸಾವಿರ ಸ್ವೈಪ್ ಮಾಡಿದೆ. ಮಾರನೇ ದಿನ ಟೆಂಪರೇಚರ್ ನೋಡುವಾಗ ರಾಗಿಯನ್ನ ಹಿಡ್ಕೊಂಡಿದ್ದು ಅದೇ ಅಕ್ಕ. “ನಂಜುಂಡಪ್ಪಂಗೆ ಹರಕೆ ಹೊತ್ತಿದೀನಿ ಅಕ್ಕಾ, ಸರಿಹೋಗ್ತಾಳೆ ಬಿಡಿ” ಅಂದ್ರು. ವಾರ ಬಿಟ್ಟು ದುಡ್ಡು ಕೊಟ್ಟೆ. ಕೊಟ್ಟಿದ್ದರಿಂದ ಏನೂ ಅಳಿಸಿಹೋಗಲಿಲ್ಲ.

ನಾಯಿ ಪ್ರೀತಿಸೋರಿಗೆಲ್ಲ ಧರ್ಮರಾಯನ ಕಥೆ ಇಷ್ಟ. ಜೊತೆಗೆ ಬಂದ ನಾಯಿಯನ್ನ ಬಿಟ್ಟು ಸ್ವರ್ಗಕ್ಕೆ ಬರಲ್ಲ ಅಂತ ಇಂದ್ರನ ರಥವನ್ನೇ ನಿಲ್ಲಿಸಿದವನು. ನಾನೂ ಹಿಂದೆ ಒಂದ್ಸಲ ಅದನ್ನ ಸ್ಟೇಟಸ್ ಹಾಕಿದ್ದೆ. ಆದರೆ ಅದೇ ದಾರಿಯಲ್ಲಿ ಸ್ವಲ್ಪ ಹಿಂದೆ ದ್ರೌಪದಿ ಬಿದ್ದಿದ್ದಳು. ಯಾಕೆ ಬಿದ್ದಳು ಅಂತ ಭೀಮ ಕೇಳಿದಾಗ, ಅವಳಿಗೆ ಅರ್ಜುನನ ಮೇಲೆ ಪಕ್ಷಪಾತ ಇತ್ತು ಅಂತ ಕಾರಣ ಕೊಟ್ಟು, ತಿರುಗಿ ನೋಡದೆ ನಡೆದ ಧರ್ಮರಾಯ. ನಾಯಿಗೆ ಯಾವ ಕಾರಣವನ್ನೂ ಕೇಳಲಿಲ್ಲ. ಮನುಷ್ಯರ ವಿಷಯದಲ್ಲಿ ನಮ್ಮ ಹತ್ತಿರ ಯಾವಾಗ್ಲೂ ಒಂದು ಕಾರಣ ಸಿದ್ಧ ಇರುತ್ತೆ.

ಕಳೆದ ತಿಂಗಳು ಮೂಳೆಮಜ್ಜೆ ಪರೀಕ್ಷೆ ಮಾಡೋಣ್ವಾ ಅಂತ ಡಾಕ್ಟರು ಕೇಳಿದ್ರು. ಅರಿವಳಿಕೆ ಕೊಡಬೇಕು, ಮೂಳೆಯೊಳಗೆ ಸೂಜಿ ಹಾಕಬೇಕು. ಅದಾದ ಮೇಲೂ ಉತ್ತರ ಸಿಕ್ಕೇಸಿಗುತ್ತೆ ಅಂತಿಲ್ಲ. ನನ್ನ ಗಂಡ ಮಾಡಿಸೋಣ ಅಂದ. ನಾನು ಬೇಡ ಅಂದೆ. ಎರಡು ದಿನ ಸರಿಯಾಗಿ ಮಾತಾಡಲಿಲ್ಲ ನಾವು. ಕೊನೆಗೆ ಸಣ್ಣ ಡೋಸಿನ ಸ್ಟೆರಾಯ್ಡ್, ದಿನಾ ಎರಡು ಸಲ ಜ್ವರದ ಲೆಕ್ಕ, ಹದಿನೈದು ದಿನಕ್ಕೊಮ್ಮೆ ರಕ್ತ ಅಂತ ಒಪ್ಪಂದವಾಯ್ತು. ನಾನು ಬೇಡ ಅಂದಿದ್ದು ಕರುಣೆಯಿಂದಲೋ, ದಣಿವಿನಿಂದಲೋ, ದುಡ್ಡಿನ ಯೋಚನೆಯಿಂದಲೋ ಅಂತ ಅವನು ಕೇಳಲಿಲ್ಲ. ಕೇಳಿದ್ದರೆ ಮೂರಕ್ಕೂ ಹೌದು ಅನ್ನಬೇಕಾಗ್ತಿತ್ತು.

ಇವತ್ತು ಬೆಳಗ್ಗೆ 102.1. ಹೋದ ವಾರದ ಪ್ಲೇಟ್‌ಲೆಟ್ 90 ಸಾವಿರ, ಏರ್ತಿದೆಯೋ ಇಳೀತಿದೆಯೋ ಮುಂದಿನ ಸಲ ಗೊತ್ತಾಗಬೇಕು. ಇಡ್ಲಿ ಪೂರ್ತಿ ತಿಂದಳು. ಮಾತ್ರೆಯನ್ನ ಮಾತ್ರ ನೀಟಾಗಿ ಬಿಡಿಸಿ, ನನ್ನ ಚಪ್ಪಲಿ ಪಕ್ಕ ಉಗುಳಿ ಹೋಗಿದ್ದಾಳೆ.