ಬಿಟ್ಟಿ ನೆರವಿನ ಋಣ

ಬೆಲೆ ಕೊಟ್ಟು ಕೊಂಡ ವಸ್ತು ಕೆಟ್ಟರೆ ಮಾರಿದವನನ್ನು ಕೇಳುವ ಹಕ್ಕು ನಮಗುಂಟು. ಬೆಲೆಯಿಲ್ಲದೆ ಬಂದದ್ದು ಕೈಕೊಟ್ಟರೆ ಯಾರನ್ನು ಕೇಳುವುದು? ಕಂಪ್ಯೂಟರಿನ ಸ್ವತಂತ್ರ ತಂತ್ರಾಂಶಗಳು ಈ ಹಳೆಯ ಪ್ರಶ್ನೆಯನ್ನು ಹೊಸದಾಗಿ ಎತ್ತಿವೆ.

1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸನ್ನೇ ನೋಡಿ. ಯಾವ ಖಾತರಿಯೂ ಇಲ್ಲವೆಂದು ಅದರ ಪರವಾನಗಿ ಪತ್ರವೇ ಸಾರುತ್ತದೆ. ಆದರೂ ಅಮೆರಿಕದ 'ಇನ್ಫೋವರ್ಲ್ಡ್' ಪತ್ರಿಕೆ ಅತ್ಯುತ್ತಮ ತಾಂತ್ರಿಕ ನೆರವಿಗಾಗಿ ಕೊಟ್ಟ 1997ರ ಸಾಲಿನ ಪ್ರಶಸ್ತಿ ಸಂದದ್ದು ಲಿನಕ್ಸ್ ಬಳಕೆದಾರರ ಬಳಗಕ್ಕೆ! ಸಂಬಳವಿಲ್ಲದವರು ಸಂಬಳದವರನ್ನು ಮೀರಿಸಿದ್ದರು.

ಬೇಸಗೆಯ ಅರವಟ್ಟಿಗೆಯಲ್ಲಿ ನೀರು ಕುಡಿದವನು ಮಜ್ಜಿಗೆಯೇಕಿಲ್ಲವೆಂದು ಗದರುವುದು ಸಲ್ಲದು. ಆದರೆ ಬಾಯಾರಿ ಬಂದವನಿಗೆ 'ಬಾವಿ ಅಲ್ಲಿದೆ, ಸೇದಿಕೋ' ಎಂದು ಮುಖ ತಿರುಗಿಸುವುದೂ ಅರವಟ್ಟಿಗೆಯ ಧರ್ಮವಲ್ಲ. 'ಕೈಪಿಡಿ ಓದು' ಎಂಬ ಬಿರುನುಡಿ ಈ ಬಳಗಗಳಲ್ಲಿ ಅಪರೂಪವಲ್ಲ. ಆ ಕೈಪಿಡಿಯೋ, ಹಲವೊಮ್ಮೆ ಬಲ್ಲವರು ಬಲ್ಲವರಿಗಾಗಿ ಬರೆದದ್ದು. 1983ರಲ್ಲಿ ಸ್ವತಂತ್ರ ತಂತ್ರಾಂಶದ ಚಳವಳಿಗೆ ನಾಂದಿ ಹಾಡಿದ ರಿಚರ್ಡ್ ಸ್ಟಾಲ್‌ಮನ್ನರೇ ಒಳ್ಳೆಯ ಕೈಪಿಡಿಗಳ ಅಭಾವವನ್ನು ಅದರ ದೊಡ್ಡ ಕೊರತೆಯೆಂದು ಕರೆದರು.

ಈ ಕೊರತೆಯನ್ನು ತುಂಬುವವರು ಯಾರು? ಪಂಡಿತನು ತಾನು ಮೊದಲು ಎಡವಿದ್ದನ್ನು ಮರೆತಿರುತ್ತಾನೆ. ನಿನ್ನೆ ಎಡವಿ ಇಂದು ಎದ್ದವನಿಗೆ ಕಲ್ಲು ಎಲ್ಲಿದೆಯೆಂಬುದು ಚೆನ್ನಾಗಿ ಗೊತ್ತು. ನೆರವು ಪಡೆದವನು ತನಗೆ ದೊರೆತ ಉತ್ತರವನ್ನು, ಸಾಧ್ಯವಾದರೆ ಕನ್ನಡದಲ್ಲಿ, ನಾಲ್ಕು ಸಾಲು ಬರೆದಿಡಲಿ. ಕೊಟ್ಟವನಿಗೆ ಹಿಂದಿರುಗಿಸಲಾಗದ ಋಣವನ್ನು ಮುಂದೆ ಬರುವವನಿಗೆ ಸಲ್ಲಿಸಬೇಕು. ವಿದ್ಯೆಯ ಋಣವನ್ನು ಹಿಂದಿನವರು ತೀರಿಸಿದ್ದೂ ಹೀಗೆಯೇ.