ಕೂಡಿ ಬರೆಯುವ ಲೆಕ್ಕ

ಊರಹಬ್ಬ ಮುಗಿದ ಮೇಲೆ ಅರಳಿಕಟ್ಟೆಯಲ್ಲಿ ಕೂತು ಜಮಾ-ಖರ್ಚು ಓದುವುದು ಸಿಂಧಘಟ್ಟದಂಥ ಕೃಷ್ಣರಾಜಪೇಟೆ ಸೀಮೆಯ ಊರುಗಳಿಗೆ ಹೊಸದೇನಲ್ಲ. ಮನೆಗಿಷ್ಟೆಂದು ಎತ್ತಿದ ವಂತಿಗೆ, ಶಾಮಿಯಾನದ ಬಾಡಿಗೆ, ತಮಟೆಯವರಿಗೆ ಕೊಟ್ಟದ್ದು, ಹೂವಿನ ಬಾಬ್ತು, ಕೊನೆಗೆ ಉಳಿಕೆ. ಓದುವವನ ದನಿ ಎಲ್ಲಾದರೂ ತಡವರಿಸಿದರೆ ಹಿಂದಿನಿಂದ ಯಾರೋ ಹಿರಿಯರು “ಅದನ್ನ ಇನ್ನೊಂದ್ಸಲ ಓದ್ಲಾ ಮಗಾ” ಎನ್ನುತ್ತಾರೆ. ಆ ಮಾತಿನಲ್ಲಿ ಅನುಮಾನಕ್ಕಿಂತ ಹೆಚ್ಚಾಗಿ ಹಕ್ಕಿದೆ. ಕೊಟ್ಟವನಿಗೆ ಕೇಳುವ ಹಕ್ಕಿದೆ ಎಂಬ ತಿಳಿವಳಿಕೆಯಿದೆ.

ವಿಶ್ವವಿದ್ಯಾಲಯದ ಲೆಕ್ಕವೂ ಹೀಗೆ ಹತ್ತು ಜನರೆದುರು ಓದಿಸಿಕೊಳ್ಳಬೇಕಾದ ಲೆಕ್ಕವೇ. ಅಂಗಡಿಯ ಪುಸ್ತಕ ಕೊನೆಗೆ ಲಾಭವೋ ನಷ್ಟವೋ ಎಂಬ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತದೆ. ಇಲ್ಲಿ ಮಾತ್ರ ಪ್ರತಿ ರೂಪಾಯಿಗೂ ತಾನು ಎಲ್ಲಿಂದ ಬಂದೆ, ಯಾವ ಕೆಲಸಕ್ಕೆಂದು ಬಂದೆ ಎಂಬ ನೆನಪು ಅಂಟಿಕೊಂಡೇ ಇರಬೇಕು. ನಿವೃತ್ತ ಮೇಷ್ಟರೊಬ್ಬರು ತಾಯಿಯ ಹೆಸರಿನಲ್ಲಿ ಒಂದು ಲಕ್ಷ ರೂಪಾಯಿ ದತ್ತಿ ಇಟ್ಟರು ಎನ್ನಿ. ಅಸಲು ಮುಟ್ಟುವಂತಿಲ್ಲ, ಬಂದ ಬಡ್ಡಿಯಲ್ಲಿ ವರ್ಷಕ್ಕೊಂದು ಬಹುಮಾನ, ಅದೂ ಕನ್ನಡ ಎಂ.ಎ.ಯಲ್ಲಿ ಹೆಚ್ಚು ಅಂಕ ತೆಗೆದ ಹುಡುಗಿಗೆ ಎಂಬುದು ಅವರ ಷರತ್ತು. ಸಂಶೋಧನೆಗೆಂದು ಬಂದ ಅನುದಾನದಲ್ಲಿ ಹಾಸ್ಟೆಲ್ಲಿಗೆ ಸುಣ್ಣ ಬಳಿಸುವಂತಿಲ್ಲ. ಆದರೆ ಸಂಬಳ-ಪಿಂಚಣಿಯ ದಿನ ಖಾತೆ ಬರಿದಾಗಿರುವಾಗ ಕಣ್ಣು ಆ ಒಂದು ಲಕ್ಷದ ಕಡೆ ಹೊರಳದಂತೆ ತಡೆಯುವುದು ಯಾವುದು? ಕುರ್ಚಿಯಲ್ಲಿ ಕೂತವರ ಶೀಲವೇ, ಇಲ್ಲ ಪುಸ್ತಕದಲ್ಲಿ ಯಾರೋ ಮೊದಲೇ ಎಳೆದಿಟ್ಟ ಗೆರೆಯೇ?

ಅಂಥ ಗೆರೆಗಳನ್ನು ಕೂಡಿ ಎಳೆಯೋಣ ಎಂದು ಅಮೆರಿಕದ ಕೆಲವು ವಿಶ್ವವಿದ್ಯಾಲಯಗಳು 2004ರಲ್ಲಿ ಹೊರಟವು. ಇಂಡಿಯಾನಾ ವಿಶ್ವವಿದ್ಯಾಲಯ ತನಗಾಗಿ ಕಟ್ಟಿಕೊಂಡಿದ್ದ ಹಣಕಾಸು ತಂತ್ರಾಂಶವೇ ಅಡಿಪಾಯವಾಯಿತು, ಹವಾಯಿ ವಿಶ್ವವಿದ್ಯಾಲಯ ಜೊತೆಗೂಡಿತು. ಕಾರ್ನೆಲ್, ಮಿಷಿಗನ್ ಸ್ಟೇಟ್, ಅರಿಜೋನಾ ಬಂದವು. ಇಷ್ಟು ದೊಡ್ಡವರ ನಡುವೆ ಕ್ಯಾಲಿಫೋರ್ನಿಯಾದ ಸ್ಯಾನ್ ವಾಕೀನ್ ಡೆಲ್ಟಾ ಎಂಬ ಸಮುದಾಯ ಕಾಲೇಜಿಗೂ ಜಾಗ ಸಿಕ್ಕಿತು. ಹೀಗೆ ಕೂಡಿ ಕಟ್ಟಿದ ತಂತ್ರಾಂಶಕ್ಕೆ ಕುವಾಲಿ ಎಂದು ಹೆಸರು. ಕಂಪನಿಗಳಿಗೆ ಲೈಸೆನ್ಸ್ ಹಣ ಕಟ್ಟುತ್ತಲೇ ಇರುವ ಬದಲು, ಎಲ್ಲರಿಗೂ ಬೇಕಾದ ಒಂದೇ ಕೆಲಸವನ್ನು ಎಲ್ಲರೂ ಸೇರಿ ಒಮ್ಮೆ ಸರಿಯಾಗಿ ಮಾಡಿ, ಸೋರ್ಸ್ ಕೋಡನ್ನು ಬೇಕಾದವರಿಗೆ ಬಿಟ್ಟುಕೊಡೋಣ ಎಂಬುದು ಅವರ ಲೆಕ್ಕಾಚಾರ. ನೈರೋಬಿಯ ಸ್ಟ್ರಾತ್‌ಮೋರ್ ವಿಶ್ವವಿದ್ಯಾಲಯವೂ ಅದನ್ನು ತಂದು ಬಳಸಿತು.

ಹಣ ಉಳಿಯಿತೇ ಎಂಬುದು ಆಡಳಿತಗಾರರ ಪ್ರಶ್ನೆ. ನನ್ನನ್ನು ಹಿಡಿದು ನಿಲ್ಲಿಸುವುದು, ಅಂಥದ್ದೊಂದು ವಿನ್ಯಾಸಕ್ಕೆ ಕೂತಾಗ ಒಳಗೊಳಗೇ ನಡೆಯಬೇಕಾದ ಇನ್ನೊಂದು ಕೆಲಸ. ಬೇರೆ ಬೇರೆ ಸಂಸ್ಥೆಯವರು ಒಂದೇ ಮೇಜಿನ ಸುತ್ತ ಕೂತರೆ ಪ್ರತಿಯೊಬ್ಬರೂ ತಮ್ಮ ಮನೆಯ ಅಭ್ಯಾಸವನ್ನು ಬಾಯಿಬಿಟ್ಟು ವಿವರಿಸಲೇಬೇಕು. “ನಮ್ಮಲ್ಲಿ ಹೀಗೇ ನಡೆದುಕೊಂಡು ಬಂದಿದೆ” ಎಂಬ ಮಾತು ನಮ್ಮ ಕಚೇರಿಯೊಳಗೆ ಬ್ರಹ್ಮಾಸ್ತ್ರ. ಪಕ್ಕದವನ ಮುಂದೆ ಅದೇ ಮಾತು ಸಪ್ಪಗಾಗುತ್ತದೆ, ಏಕೆಂದರೆ ಅವನಲ್ಲಿ ಬೇರೆ ಹೇಗೋ ನಡೆದುಕೊಂಡು ಬಂದಿದೆ.

ನಮ್ಮಲ್ಲಿ ಒಂದು ಪ್ರಯೋಗಾಲಯಕ್ಕೆ ಸೂಕ್ಷ್ಮದರ್ಶಕ ಕೊಳ್ಳುವ ಕಡತವನ್ನೇ ನೋಡಿ. ವಿಷಯ ನಿರ್ವಾಹಕ ಟಿಪ್ಪಣಿ ಬರೆಯುತ್ತಾನೆ, ಸೂಪರಿಂಟೆಂಡೆಂಟರು ‘ಪರಿಶೀಲಿಸಿ ಮಂಡಿಸಿದೆ’ ಎನ್ನುತ್ತಾರೆ, ಸಹಾಯಕ ಕುಲಸಚಿವರು, ಹಣಕಾಸು ಅಧಿಕಾರಿ, ಕುಲಸಚಿವರು ಹೀಗೆ ಮೇಲೇರುತ್ತ ಹಸಿರು ಹಾಳೆಯ ಅಂಚಿನಲ್ಲಿ ಸಹಿಗಳು ಸಾಲುಗಟ್ಟುತ್ತವೆ. ಇವುಗಳಲ್ಲಿ ಹೊಣೆಯ ಸಹಿ ಎಷ್ಟು, ಮುಂದೆ ಆಡಿಟ್ ಆಕ್ಷೇಪಣೆ ಬಂದರೆ ನಾನೊಬ್ಬನೇ ಸಿಕ್ಕಿಬೀಳದಿರಲಿ ಎಂಬ ಭಯದ ಸಹಿ ಎಷ್ಟು? ಕುವಾಲಿಯ ವಿನ್ಯಾಸದಲ್ಲಿ ಪ್ರತಿ ಖಾತೆಗೂ ಒಬ್ಬ ಹೊಣೆಗಾರನ ಹೆಸರಿರುತ್ತದೆ. ಆ ಖಾತೆಯ ಹಣ ಮುಟ್ಟುವ ಕಾಗದ ತಾನಾಗಿ ಅವನ ಮುಂದೆ ಹೋಗಿ ನಿಲ್ಲುತ್ತದೆ. ಖರೀದಿ ಆದೇಶ ಹೊರಟ ಗಳಿಗೆಯಲ್ಲೇ ಅಷ್ಟು ಹಣ ಮೀಸಲೆಂದು ದಾಖಲಾಗುತ್ತದೆ, ಬಿಲ್ಲು ಬರುವವರೆಗೆ ‘ಇದೆ’ ಎಂಬ ಭ್ರಮೆ ಉಳಿಯುವುದಿಲ್ಲ. ಸಹಿ ಕಡಿಮೆ ಮಾಡಿದರೆ ಹೊಣೆ ಕಡಿಮೆಯಾಗುತ್ತದೆಂದು ನಾವು ನಂಬಿದ್ದೇವೆ. ಹಂಚಿ ಹಂಚಿ ತೆಳುವಾದ ಹೊಣೆಯನ್ನು ಹೊತ್ತವರು ನಿಜಕ್ಕೂ ಯಾರು?

ಹಾಗೆಂದು ಅಭ್ಯಾಸವೆಲ್ಲ ಬಿಸುಡುವಂಥದ್ದಲ್ಲ. ಮೇಷ್ಟರ ಷರತ್ತು ವಚನ. ಐದನೆಯ ಸಹಿ ರೂಢಿ. ಎರಡನ್ನೂ ಒಂದೇ ಶ್ರದ್ಧೆಯಿಂದ, ಎಷ್ಟೋ ಸಲ ರೂಢಿಯನ್ನೇ ತುಸು ಹೆಚ್ಚು ಶ್ರದ್ಧೆಯಿಂದ ಕಾಪಾಡಿಕೊಂಡು ಬಂದಿರುವುದು ನಮ್ಮ ಕಷ್ಟ. ಯಾವುದು ಯಾವುದೆಂದು ಬೇರ್ಪಡಿಸಲು ಹೊರಗಿನವನ ಮುಗ್ಧ ಪ್ರಶ್ನೆಯೇ ಬೇಕಾಗುತ್ತದೆ.

ಕೂಡಿ ಕಟ್ಟಿದ್ದನ್ನು ಕೂಡಿ ಸಾಕುವುದು ಬೇರೆಯೇ ಮಾತು. 2014ರಲ್ಲಿ ಕುವಾಲಿ ಪ್ರತಿಷ್ಠಾನ ಲಾಭದ ಕಂಪನಿಯೊಂದನ್ನು ಹುಟ್ಟುಹಾಕಿ ಕೆಲಸವನ್ನು ಅದರ ಕಡೆ ತಿರುಗಿಸಿತು. ಜೊತೆಯಲ್ಲಿ ದುಡಿದ ಕೆಲವರಿಗೆ ಅದು ನೋವಾಯಿತು, ಇನ್ನು ಕೆಲವರು ಇದಲ್ಲದೆ ಬೇರೆ ದಾರಿಯಿಲ್ಲ ಎಂದರು. ಯಾರನ್ನು ದೂರುವುದು? ಕಟ್ಟುವಾಗಿನ ಹುಮ್ಮಸ್ಸಿಗೆ ಕೈಗಳು ಸಿಗುತ್ತವೆ. ಹತ್ತು ವರ್ಷದ ಮೇಲೆ ಒಂದು ಸಣ್ಣ ದೋಷ ತಿದ್ದಲು ಯಾರ ಇಲಾಖೆಯೂ ತನ್ನ ಎಂಜಿನಿಯರನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ.

ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳೂ ಈಗ ಒಂದೇ ಸೂರಿನಡಿ ಬಂದಿವೆ. 2021-22ರಿಂದ ಪದವಿ ಪ್ರವೇಶ, ಪರೀಕ್ಷೆ, ಫಲಿತಾಂಶಗಳೆಲ್ಲ ಯುಯುಸಿಎಂಎಸ್ ಎಂಬ ಸರ್ಕಾರಿ ವ್ಯವಸ್ಥೆಯಲ್ಲಿ ನಡೆಯುತ್ತಿವೆ. ಸಿಂಧಘಟ್ಟದ ಹುಡುಗಿ ಪೇಟೆಗೆ ಬಸ್ಸು ಹಿಡಿದು ಸೈಬರ್ ಸೆಂಟರಿನಲ್ಲಿ ಕೂತು, ಕಟ್ಟಿದ ಶುಲ್ಕ ಪರದೆಯ ಮೇಲೆ ಕಾಣದಿದ್ದಾಗ ಕಾಲೇಜಿನ ಗುಮಾಸ್ತರ ಬಳಿ ಓಡುತ್ತಾಳೆ. ತೊಡಕು ಎಲ್ಲಿದೆಯೆಂದು ಆ ಗುಮಾಸ್ತರಿಗೆ ಗೊತ್ತು. ಮೇಲಿನಿಂದ ಇಳಿದು ಬಂದ ಏಕರೂಪಕ್ಕೂ ಕೆಳಗಿನವರು ಕೂತು ಒಪ್ಪಿಕೊಂಡ ಏಕರೂಪಕ್ಕೂ ಇರುವ ಅಂತರ ಅವರ ಮೇಜಿನ ಮುಂದೆ ನಿಂತರೆ ತಿಳಿಯುತ್ತದೆ.

2025ರ ಆರಂಭದಲ್ಲಿ, ಹಣವಿಲ್ಲವೆಂಬ ಕಾರಣಕ್ಕೆ ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ, ಹಳೆಯವುಗಳೊಡನೆ ವಿಲೀನಗೊಳಿಸುವ ಮಾತು ಸಚಿವ ಸಂಪುಟದ ಉಪಸಮಿತಿಯಲ್ಲಿ ಬಂತು; 2019ರಲ್ಲಿ ಹುಟ್ಟಿದ ಮಂಡ್ಯದ ವಿಶ್ವವಿದ್ಯಾಲಯವೂ ಆ ಪಟ್ಟಿಯಲ್ಲಿತ್ತು. ಚರ್ಚೆಯೆಲ್ಲ ಕಟ್ಟಡ, ಹುದ್ದೆ, ಜಿಲ್ಲೆಯ ಮಾನದ ಸುತ್ತ ನಡೆಯಿತು. ಒಂದು ಸಂಸ್ಥೆಯ ಪುಸ್ತಕ ಇನ್ನೊಂದರ ಪುಸ್ತಕಕ್ಕೆ ಸೇರುವ ದಿನ ಬಂದರೆ, ಒಟ್ಟು ಮೊತ್ತವೇನೋ ಒಂದು ಸಾಲಿನಲ್ಲಿ ದಾಟಿಹೋಗುತ್ತದೆ. ತಾಯಿಯ ಹೆಸರು, ಮುಟ್ಟಬಾರದ ಅಸಲು, ಬಹುಮಾನ ಯಾರಿಗೆಂಬ ಷರತ್ತು ದಾಟಬೇಕಾದರೆ, ಅವುಗಳನ್ನು ಬರೆಯುವ ಅಂಕಣಗಳು ಎರಡೂ ಪುಸ್ತಕಗಳಲ್ಲಿ ಮೊದಲೇ ಇರಬೇಕು. ಆ ಅಂಕಣಗಳನ್ನು ಕೂತು ಗೊತ್ತುಮಾಡುವ ಕೆಲಸಕ್ಕೆ ಯಾವ ವಿಲೀನವೂ ಬೇಕಿಲ್ಲ.